ಉದ್ಯಾನಗಳ ದೂರು ಸೇವೆ: ದಾಖಲಿಸುವುದು ಸುಲಭ, ಮುಕ್ತಾಯದ ಕ್ರಮ ಸರಿಯಿಲ್ಲ

ನಗರದ ಉದ್ಯಾನಗಳು ಮತ್ತು ನಡಿಗೆದಾರಿಗಳ ದುರಸ್ತಿಯ ಬಗ್ಗೆ ನಿವಾಸಿಗಳು ನೇರವಾಗಿ ದೂರು ಸಲ್ಲಿಸಬಹುದಾದ ಆ್ಯಪ್ ಸೇವೆಯೊಂದನ್ನು ನಾನು ಒಂದು ವರ್ಷದಿಂದ ಬಳಸುತ್ತಿದ್ದೇನೆ. ಈವರೆಗೆ ಸಲ್ಲಿಸಿದ ಒಂಬತ್ತು ದೂರುಗಳಲ್ಲಿ ಐದು ನಿಜಕ್ಕೂ ಸರಿಹೋಗಿವೆ, ಮೂರು ದಾಖಲೆಯಲ್ಲಿ ಮಾತ್ರ ಸರಿಹೋಗಿವೆ, ಒಂದು ಬಾಕಿಯಿದೆ. ಐದರಲ್ಲಿ ಮೂರೇ ನಕ್ಷತ್ರ ಕೊಡುತ್ತಿರುವುದು ದಾಖಲೆಯಲ್ಲಿ ಮಾತ್ರ ಮುಗಿದ ಆ ಮೂರು ದೂರುಗಳ ಕಾರಣಕ್ಕೆ.

ಮೊದಲು ಮೆಚ್ಚಬೇಕಾದ ಸಂಗತಿ. ಮಕ್ಕಳ ಆಟದ ಜಾಗದಲ್ಲಿ ಜೋಕಾಲಿಯ ಸರಪಳಿಯನ್ನು ಮೇಲಿನ ಅಡ್ಡಕಂಬಿಗೆ ಸೇರಿಸುವ ಕೊಕ್ಕೆ ಸವೆದು ತೆಳುವಾಗಿ, ಅದರ ಬಾಯಿ ಅಗಲಿಸಿಕೊಂಡಿತ್ತು. ಕೆಳಗೆ ನಿಂತು ನೋಡಿದವರಿಗೆ ಜೋಕಾಲಿ ಸರಿಯಾಗಿಯೇ ಕಾಣುತ್ತಿತ್ತು. ಸವೆತ ಆಗುವುದು ಲೋಹಕ್ಕೆ ಲೋಹ ಉಜ್ಜುವ ಒಳಬದಿಯಲ್ಲಾದ್ದರಿಂದ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಜಾಗ ಗುರುತಿಸುವಂತೆ ದೂರದಿಂದ ಒಂದು, ಕೊಕ್ಕೆ ಸ್ಪಷ್ಟವಾಗಿ ಕಾಣುವಂತೆ ಹತ್ತಿರದಿಂದ ಒಂದು, ಹೀಗೆ ಎರಡು ಚಿತ್ರ ಕಳುಹಿಸಿದೆ. ಮರುದಿನವೇ ಆ ಆಸನವನ್ನು ಕಳಚಿದರು, ವಾರದೊಳಗೆ ಹೊಸ ಕೊಕ್ಕೆ ಹಾಕಿ ಮತ್ತೆ ತೂಗುಹಾಕಿದರು. ದುರಸ್ತಿಗೆ ಕಾಯದೆ ಮೊದಲು ಅಪಾಯವನ್ನು ಮಕ್ಕಳ ಕೈಗೆ ಸಿಗದಂತೆ ಮಾಡಿದ ಆ ಸಿಬ್ಬಂದಿಗೆ ನಾನು ಮನಸಾರೆ ಕೃತಜ್ಞ.

ದೂರು ಬರೆಯುವ ಪುಟ ಸರಳವಾಗಿದೆ, ಆದರೆ ಅದನ್ನು ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದಂತಿದೆ. ಬೀದಿಯ ಹೆಸರು, ಕಟ್ಟಡದ ಸಂಖ್ಯೆ ಎರಡನ್ನೂ ಅದು ಕೇಳುತ್ತದೆ. ಮರಗಳ ನಡುವಿನ ಕಾಲುದಾರಿಗೆ ಅವೆರಡೂ ಇರುವುದಿಲ್ಲ. ಬಯಲಿನಲ್ಲಿ ಮೊಬೈಲ್ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ವ್ಯಾಪ್ತಿಯೊಳಗೆ ಜಾಗವನ್ನು ತೋರಿಸಬಲ್ಲದು, ದಟ್ಟ ಮರಗಳ ಕೆಳಗೆ ಆ ನಿಖರತೆ ಉಳಿಯುವುದಿಲ್ಲ. ಬುಡದಲ್ಲಿ ಅಣಬೆ ಮೂಡಿದ್ದ ಮರವೊಂದರ ಬಗ್ಗೆ ನಾನು ದೂರು ಕೊಟ್ಟಾಗ, ಬಂದವರು ಪಕ್ಕದ ಗಟ್ಟಿ ಮರವನ್ನು ಪರೀಕ್ಷಿಸಿ 'ದೋಷವಿಲ್ಲ' ಎಂದು ಬರೆದು ಹೋಗಿದ್ದರು. ಬುಡದ ಅಣಬೆ ಒಳಗಿನ ಕೊಳೆತದ ಸೂಚನೆಯಾಗಿರಬಹುದಾದ್ದರಿಂದ ಇದು ಸಣ್ಣ ತಪ್ಪಲ್ಲ. ಈಗ ನಾನು ಹತ್ತಿರದ ದೀಪದ ಕಂಬದ ಸಂಖ್ಯೆ, ಅಲ್ಲಿಂದ ಎಷ್ಟು ಹೆಜ್ಜೆ, ಯಾವ ಬದಿಗೆ ಎಂಬುದನ್ನು ವಿವರದಲ್ಲಿ ತಪ್ಪದೆ ಬರೆಯುತ್ತೇನೆ. ಹಾಗೆ ಬರೆಯತೊಡಗಿದ ಮೇಲೆ ಜಾಗ ತಪ್ಪಿಲ್ಲ.

ನನ್ನ ಮುಖ್ಯ ಆಕ್ಷೇಪ ದೂರನ್ನು ಮುಗಿಸುವ ಕ್ರಮದ ಬಗ್ಗೆ. ಇಳಿಜಾರಿನ ನಡಿಗೆದಾರಿಯೊಂದರಲ್ಲಿ ಮಣ್ಣು ಕೊಚ್ಚಿಹೋಗಿ, ಮರದ ಬೇರುಗಳು ಮೇಲೆದ್ದು, ಊರುಗೋಲು ಹಿಡಿದು ನಡೆಯುವವರು ಅತ್ತ ಬರುವುದನ್ನೇ ನಿಲ್ಲಿಸಿದ್ದರು. ದೂರು ಕೊಟ್ಟೆ, ಹಳ್ಳಕ್ಕೆ ಜಲ್ಲಿ ಸುರಿದರು, 'ಪರಿಹರಿಸಲಾಗಿದೆ' ಎಂಬ ಸಂದೇಶ ಬಂತು. ಮುಂದಿನ ಜೋರು ಮಳೆಗೆ ಜಲ್ಲಿಯೂ ಕೊಚ್ಚಿಹೋಯಿತು. ಮೇಲ್ಭಾಗದಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕಾದ ಕಾಲುವೆ ಎಲೆ ಮತ್ತು ಹೂಳಿನಿಂದ ಮುಚ್ಚಿಹೋಗಿ, ನೀರು ದಾರಿಯನ್ನೇ ತನ್ನ ಹಾದಿ ಮಾಡಿಕೊಂಡಿತ್ತು. ಕಾಲುವೆ ತೆರವಾಗದೆ ಎಷ್ಟು ಜಲ್ಲಿ ಸುರಿದರೂ ದಾರಿ ನಿಲ್ಲುವುದಿಲ್ಲ. ಎರಡನೆಯ ಬಾರಿ ಕಾಲುವೆಯ ಚಿತ್ರವನ್ನೂ ಸೇರಿಸಿ ದೂರು ಸಲ್ಲಿಸಿದೆ. 'ಇದೇ ಸ್ಥಳದ ದೂರು ಈಗಾಗಲೇ ಪರಿಹಾರವಾಗಿದೆ' ಎಂಬ ಕಾರಣ ಕೊಟ್ಟು, ಯಾರೂ ಬಂದು ನೋಡದೆ ಅದನ್ನು ಮುಚ್ಚಿದರು. ಮೂರನೆಯ ಬಾರಿಯೂ ಅದೇ ಉತ್ತರ. ಕೆಲಸ ಮಾಡುವವರೇ ಕೆಲಸ ಮುಗಿಯಿತೆಂದು ನಿರ್ಧರಿಸುವಲ್ಲಿ, ಜಲ್ಲಿ ಸುರಿದದ್ದು ದುರಸ್ತಿಯಾಗಿಯೂ ಮತ್ತೆ ಕೊಟ್ಟ ದೂರು ಪುನರಾವರ್ತನೆಯಾಗಿಯೂ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕೆ ಬೇರೆ ದಾರಿ ಇಲ್ಲದಿಲ್ಲ. ಬ್ರಿಟನ್ನಿನಲ್ಲಿ ಮೈಸೊಸೈಟಿ ಎಂಬ ಸಂಸ್ಥೆ 2007ರಲ್ಲಿ ಆರಂಭಿಸಿದ ಫಿಕ್ಸ್‌ಮೈಸ್ಟ್ರೀಟ್ ಸೇವೆಯಲ್ಲಿ ದೂರುಗಳು ಎಲ್ಲರಿಗೂ ಕಾಣುವಂತೆ ನಕ್ಷೆಯ ಮೇಲೆ ಪ್ರಕಟವಾಗುತ್ತವೆ. ನಾಲ್ಕು ವಾರಗಳ ನಂತರ, ಸಮಸ್ಯೆ ಸರಿಹೋಗಿದೆಯೇ ಎಂದು ದೂರು ಕೊಟ್ಟವರನ್ನೇ ಕೇಳಲಾಗುತ್ತದೆ. ನಾನು ಬಳಸುತ್ತಿರುವ ಸೇವೆ ಈ ಒಂದು ಪ್ರಶ್ನೆಯನ್ನು ಸೇರಿಸಿಕೊಂಡು, 'ಇಲ್ಲ' ಎಂದವರ ದೂರನ್ನು ಹಳೆಯ ಸಂಖ್ಯೆಯಲ್ಲೇ ಮತ್ತೆ ತೆರೆದರೆ, ಇನ್ನೊಂದು ನಕ್ಷತ್ರವನ್ನು ಸಂತೋಷದಿಂದ ಸೇರಿಸುತ್ತೇನೆ.

ಹೊಸದಾಗಿ ಬಳಸುವವರಿಗೆ ಒಂದು ಎಚ್ಚರಿಕೆ: ತುಂಡಾದ ವಿದ್ಯುತ್ ತಂತಿ, ದಾರಿಯ ಮೇಲೆ ನೇತಾಡುತ್ತಿರುವ ಕೊಂಬೆಯಂಥ ತಕ್ಷಣದ ಅಪಾಯಗಳಿಗೆ ಈ ಆ್ಯಪ್ ಅಲ್ಲ, ತುರ್ತು ಕರೆಯೇ ಸರಿ. ಈ ಮಾತನ್ನು ಆ್ಯಪ್ ಕೂಡ ಹೇಳುತ್ತದೆ, ಆದರೆ ದೂರು ಸಲ್ಲಿಸಿಯಾದ ಮೇಲಿನ ಪುಟದಲ್ಲಿ. ಅದು ಮೊದಲ ಪುಟದಲ್ಲೇ ಇರಬೇಕಿತ್ತು.

ನಡಿಗೆದಾರಿಯ ನಾಲ್ಕನೆಯ ದೂರನ್ನು ಕಳೆದ ತಿಂಗಳು 'ಮುಚ್ಚಿದ ಕಾಲುವೆ' ಎಂಬ ಬೇರೆ ವಿಭಾಗದಲ್ಲಿ ಸಲ್ಲಿಸಿದ್ದೇನೆ. ಈ ಬಾರಿ ಒಬ್ಬರು ಸ್ಥಳಕ್ಕೆ ಬಂದು ಅಳತೆ ತೆಗೆದುಕೊಂಡಿದ್ದಾರೆ, ದೂರು ಇನ್ನೂ ತೆರೆದಿದೆ. ಕಾಲುವೆ ತೆರವಾಗಿ, ಒಂದು ಜೋರು ಮಳೆ ಸುರಿದ ಮೇಲೆ ಹೋಗಿ ನೋಡಿ ಈ ವಿಮರ್ಶೆಯನ್ನು ತಿದ್ದುತ್ತೇನೆ.