ಸೌಂಡ್‌ಬಾಕ್ಸ್ ಕೂಗಿದರೆ ಸರಿ, ಕೂಗದಿದ್ದರೆ?

ಗಲ್ಲಾದ ಪಕ್ಕ ಕೂತಿರುವ ಯುಪಿಐ ಸೌಂಡ್‌ಬಾಕ್ಸ್‌ಗೆ ಇರುವುದು ಒಂದೇ ಕೆಲಸ: ದುಡ್ಡು ಬಂದಾಗ ಕೂಗಿ ಹೇಳುವುದು. ಇದು ಬರುವ ಮುಂಚೆ ಅಂಗಡಿಯವರು ನೆಚ್ಚಿಕೊಂಡಿದ್ದು ಗಿರಾಕಿ ಎತ್ತಿ ತೋರಿಸುವ ಫೋನನ್ನು, ಇಲ್ಲವೇ ಬ್ಯಾಂಕಿನ ಎಸ್ಎಂಎಸ್ಸನ್ನು. ಎಸ್ಎಂಎಸ್ ತಡವಾಗಿ ಬರುತ್ತದೆ, ಅದೂ ಮಾಲೀಕರ ಫೋನಿಗೆ. ಗಲ್ಲಾದಲ್ಲಿ ಕೂತಿರುವವರು ಬೇರೆ. ಗಿರಾಕಿಯ ಫೋನನ್ನಂತೂ ನಂಬುವ ಹಾಗೇ ಇಲ್ಲ. ಹಸಿರು ಟಿಕ್, ಅಂಗಡಿ ಹೆಸರು, ಮೊತ್ತ, ಪ್ರತಿ ಪಾವತಿಗೂ ಸಿಗುವ 12 ಅಂಕಿಯ ಗುರುತಿನ ನಂಬರ್ (ಯುಟಿಆರ್) ಎಲ್ಲವನ್ನೂ ಅಸಲಿಯಂತೆಯೇ ತೋರಿಸುವ ನಕಲಿ ಆಪ್‌ಗಳಿವೆ.

ಬಾಕ್ಸಿನೊಳಗೆ ಒಂದು ಸಿಮ್, ಬ್ಯಾಟರಿ, ಸ್ಪೀಕರ್ ಇರುತ್ತವೆ. ಪಾವತಿ ಆಗಿದೆ ಎಂದು ಬಾಕ್ಸ್ ಕೊಟ್ಟ ಕಂಪನಿಯ ಸರ್ವರ್‌ಗೆ ಖಚಿತವಾದ ಮೇಲೆ ಸರ್ವರ್ ನೇರವಾಗಿ ಬಾಕ್ಸಿಗೆ ಸಂದೇಶ ಕಳಿಸುತ್ತದೆ. ಈ ದಾರಿಯಲ್ಲಿ ಗಿರಾಕಿಯ ಫೋನ್ ಎಲ್ಲೂ ಅಡ್ಡ ಬರುವುದಿಲ್ಲ, ಹಾಗಾಗಿ ನಕಲಿ ಆಪ್ ಎಷ್ಟೇ ಚೆನ್ನಾಗಿದ್ದರೂ ಬಾಕ್ಸ್ ಬಾಯಿ ಬಿಡುವುದಿಲ್ಲ. ಈ ಉಪಕರಣದ ನಿಜವಾದ ಬೆಲೆ ಇಲ್ಲಿದೆ. ಫೋನ್‌ಪೇ ಬಾಕ್ಸಿನಲ್ಲಿ ಕಿಚ್ಚ ಸುದೀಪ್ ದನಿಯೂ ಸಿಗುತ್ತದೆ. ಕೇಳಲು ಖುಷಿ, ಭದ್ರತೆಗೆ ಸಂಬಂಧವಿಲ್ಲ. ಯಾವ ದನಿಯನ್ನಾದರೂ ರೆಕಾರ್ಡ್ ಮಾಡಿ ಫೋನಿನಲ್ಲಿ ಹಾಕಬಹುದು, ಆದ್ದರಿಂದ ಸದ್ದು ಯಾವ ಕಡೆಯಿಂದ ಬಂತು ಅನ್ನುವುದರ ಮೇಲೂ ಗಮನವಿರಲಿ.

ಸ್ಕ್ಯಾನರ್ ಸ್ಟಿಕ್ಕರ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸುವ ಮೋಸವೂ ಇದರಿಂದ ಬಯಲಾಗುತ್ತದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಹಲವು ಅಂಗಡಿಗಳ ಸ್ಟಿಕ್ಕರ್‌ಗಳನ್ನು ರಾತ್ರೋರಾತ್ರಿ ಬದಲಿಸಿದ್ದರು. ದುಡ್ಡು ಬೇರೆ ಖಾತೆಗೆ ಹೋದರೆ ನಿಮ್ಮ ಬಾಕ್ಸ್ ಸುಮ್ಮನಿರುತ್ತದೆ.

ಆದರೆ ದೊಡ್ಡ ಕೊರತೆಯೂ ಆ ಮೌನದಲ್ಲೇ ಇದೆ. ಸಿಗ್ನಲ್ ಇಲ್ಲದಿದ್ದರೂ, ಚಾರ್ಜ್ ಮುಗಿದಿದ್ದರೂ, ಪಾವತಿ ಪೆಂಡಿಂಗ್ ಇದ್ದರೂ, ಗಿರಾಕಿ ನಿಮ್ಮ ಮೊಬೈಲ್ ನಂಬರಿಗೆ ನೇರ ಕಳಿಸಿದರೂ, ಸ್ಟಿಕ್ಕರ್ ಬದಲಾಗಿದ್ದರೂ ಬಾಕ್ಸ್ ಸುಮ್ಮನೇ ಇರುತ್ತದೆ. ಕಾರಣ ಯಾವುದು ಅಂತ ಅದು ಹೇಳುವುದಿಲ್ಲ. ಇಂಥ ಗೊಂದಲದಲ್ಲೇ 'ನೆಟ್‌ವರ್ಕ್ ಇಲ್ಲ ಅನ್ಸುತ್ತೆ, ಹೋಗಿ ಸಾರ್' ಎಂಬ ಮಾತು ಬರುತ್ತದೆ, ಮೋಸಗಾರ ಕಾಯುವುದೂ ಅದಕ್ಕೇ. ಬಾಕ್ಸ್ ಕೂಗದಿದ್ದರೆ ವ್ಯಾಪಾರದ ಆಪ್ ತೆರೆದು ಹಿಸ್ಟರಿಯಲ್ಲಿ ಮೊತ್ತ, ಸಮಯ ಮತ್ತು ಯುಟಿಆರ್‌ನ ಕೊನೆಯ 4 ಅಂಕಿ ಹೊಂದಿಸಿ ನೋಡಿ. ಇದಕ್ಕಾಗಿ ಗಲ್ಲಾದವರಿಗೆ ಆಪಿನಲ್ಲಿ ಹಿಸ್ಟರಿ ಕಾಣುವಂತೆ ಮಾಡಿಕೊಡಬೇಕು. ಮಾಲೀಕರು ಊರಲ್ಲಿಲ್ಲದ ದಿನ ಫೋನ್ ಮಾಡಿ ಕೇಳುತ್ತಾ ನಿಲ್ಲಲು ಆಗುವುದಿಲ್ಲ.

ಇನ್ನೊಂದು ತೊಂದರೆ ದರ್ಶಿನಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳಗಿನ ರಶ್ಶಿನಲ್ಲಿ ಇಬ್ಬರು 60 ರೂಪಾಯಿ ಬಿಲ್ಲಿಗೆ ಒಟ್ಟಿಗೆ ಸ್ಕ್ಯಾನ್ ಮಾಡಿ, ಬಾಕ್ಸ್ ಒಂದೇ ಸಲ '60 ರೂಪಾಯಿ' ಅಂದರೆ, ಕೊಟ್ಟವರು ಯಾರು? ಸಾಮಾನ್ಯವಾಗಿ ಬಾಕ್ಸ್ ಮೊತ್ತ ಮಾತ್ರ ಹೇಳುತ್ತದೆ, ಹೆಸರಲ್ಲ. ಹೆಸರಿನ ಮೊದಲ ಅಕ್ಷರವನ್ನಾದರೂ ಕಂಪನಿಗಳು ಸೇರಿಸಬೇಕು. ಸದ್ಯಕ್ಕೆ ಮೊತ್ತ ತೋರಿಸುವ ಪುಟ್ಟ ಪರದೆ ಮತ್ತು ಹಿಂದಿನ ಪಾವತಿಯನ್ನು ಮತ್ತೆ ಕೇಳಿಸುವ ಬಟನ್ ಇರುವ ಮಾದರಿ ತೆಗೆದುಕೊಳ್ಳಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಗಿರಾಕಿಗೆ ಈ ಬಾಕ್ಸಿನಿಂದ ರಕ್ಷಣೆ ಕಡಿಮೆ, ಯಾಕೆಂದರೆ ಅದು ಮಾತಾಡುವುದು ದುಡ್ಡು ಹೋದ ಮೇಲೆ. ಅವರು ನೋಡಬೇಕಾದ್ದು ಪಿನ್ ಹಾಕುವ ಮುಂಚೆ ಕಾಣುವ ಹೆಸರು. ವ್ಯಕ್ತಿಗಳಿಗೆ ಮತ್ತು ಸಣ್ಣ ವ್ಯಾಪಾರಿಗಳಿಗೆ ಕಳಿಸುವಾಗ ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕು ಎಂಬ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐನ ನಿಯಮ 2025ರ ಜೂನ್ 30ರಿಂದ ಜಾರಿಯಲ್ಲಿದೆ. ಹಾಗಾಗಿ ಬೋರ್ಡಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಕಾಣಬಹುದು. ಬ್ಯಾಂಕಿನಲ್ಲಿರುವ ಹೆಸರನ್ನು ಸ್ಟಿಕ್ಕರ್ ಪಕ್ಕ ದಪ್ಪಕ್ಷರದಲ್ಲಿ ಬರೆದಿಟ್ಟರೆ ಗಿರಾಕಿಯ ಅನುಮಾನ ಅಲ್ಲೇ ತೀರುತ್ತದೆ.

ದಿನಾ ಬಾಗಿಲು ತೆಗೆದ ಕೂಡಲೇ ಬೇರೆ ಫೋನಿನಿಂದ ನಿಮ್ಮದೇ ಸ್ಟಿಕ್ಕರ್ ಸ್ಕ್ಯಾನ್ ಮಾಡಿ 1 ರೂಪಾಯಿ ಕಳಿಸಿ. ಬಾಕ್ಸ್ ಕೂಗಿದರೆ ಸ್ಟಿಕ್ಕರ್, ಸಿಗ್ನಲ್, ಚಾರ್ಜ್ ಮೂರೂ ಸರಿಯಿವೆ. ಒಂದಕ್ಕಿಂತ ಹೆಚ್ಚು ಸ್ಟಿಕ್ಕರ್ ಅಂಟಿಸಿದ್ದರೆ ಪ್ರತಿಯೊಂದನ್ನೂ ಹೀಗೆ ನೋಡಬೇಕು.