ವಿ-ಕ್ರಾಸ್‌ಗೆ ಹೊಸ ಇನ್‌ಟೇಕ್, ಹೊಸ ಸೈಲೆನ್ಸರ್: ಕೊಡಗಿನ ರಸ್ತೆಯಲ್ಲಿ ಮೂರು ವರ್ಷ

ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. 2.5 ಲೀಟರ್ ಡೀಸೆಲ್, ಹೊಗೆ ನಿಯಮದ ಲೆಕ್ಕದಲ್ಲಿ ಬಿಎಸ್4. ಸಿದ್ದಾಪುರದ ಹತ್ತಿರ ನಮ್ಮ ತೋಟ. ಕಾಫಿ ಚೀಲ, ಗೊಬ್ಬರ, ಪಂಪ್‌ಸೆಟ್, ಮದುವೆ ಮನೆಗೆ ಪಾತ್ರೆ, ಎಲ್ಲಾ ಇದರಲ್ಲೇ ಹೋಗುತ್ತದೆ.

ಕಂಪನಿ ಲೆಕ್ಕದಲ್ಲಿ 134 ಎಚ್‌ಪಿ, 320 ಎನ್‌ಎಂ ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ. ಆ ಟಾರ್ಕ್ ಪೂರ್ತಿ ಸಿಗುವುದು 1,800 ಆರ್‌ಪಿಎಂ ಆದ ಮೇಲೆ. ನನಗೆ ಕಷ್ಟ ಆಗುತ್ತಿದ್ದುದು ಅದಕ್ಕಿಂತ ಕೆಳಗೆ. ಸುಳ್ಯ ಕಡೆಯಿಂದ ಕೆಂಪುಕಲ್ಲು ಹೇರಿಕೊಂಡು ಸಂಪಾಜೆ ಘಾಟಿ ಹತ್ತುತ್ತೀರಿ ಅಂದುಕೊಳ್ಳಿ. ಜೋಡುಪಾಲ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಬಸ್ ಬರುತ್ತದೆ, ನಿಧಾನ ಮಾಡಲೇಬೇಕು. ಮತ್ತೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಇರುತ್ತದೆ. ಆಮೇಲೆ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಗಾಳಿ ತುಂಬುವ ಫ್ಯಾನ್) ಎದ್ದು ಎಳೆಯುತ್ತದೆ. ಆ ಒಂದು ಕ್ಷಣ ಕಡಿಮೆ ಆಗಲಿ ಅಂತಲೇ 2022ರ ಮಾರ್ಚ್‌ನಲ್ಲಿ, ಕೊಯ್ಲು ಮುಗಿದ ಮೇಲೆ, ಈ ಕೆಲಸಕ್ಕೆ ಕೈ ಹಾಕಿದೆ. ಅಲ್ಲಿಂದ ಈಚೆಗೆ 48,000 ಕಿ.ಮೀ. ಓಡಿಸಿದ್ದೇನೆ.

ಮಾಡಿಸಿದ್ದು ಎರಡು: ಇಂಜಿನ್‌ಗೆ ಗಾಳಿ ಬರುವ ದಾರಿ (ಇನ್‌ಟೇಕ್), ಹೊಗೆ ಹೋಗುವ ದಾರಿ. ಏರ್ ಫಿಲ್ಟರ್ ಡಬ್ಬಿ ತೆಗೆಸಿ, ಎಣ್ಣೆ ಹಚ್ಚುವ ಹತ್ತಿಯ ಕೋನ್ ಫಿಲ್ಟರ್ ಹಾಕಿಸಿದೆ, 14,000 ರೂಪಾಯಿ. ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್ ಮುಟ್ಟದೆ ಅದರ ಹಿಂದಿನ ಪೈಪ್, ಸೈಲೆನ್ಸರ್ ಬದಲಾಯಿಸಿದೆ. ಎರಡೂವರೆ ಇಂಚಿನ ಸ್ಟೇನ್‌ಲೆಸ್ ಸ್ಟೀಲ್, 32,000 ರೂಪಾಯಿ.

ಎಳೆತ ಜಾಸ್ತಿ ಆಯಿತಾ? ಸ್ವಲ್ಪ ಆಯಿತು. ಮೊದಲು ಎರಡನೇ ಗೇರ್ ಕೇಳುತ್ತಿದ್ದ ಒಂದೆರಡು ತಿರುವುಗಳನ್ನು ಈಗ ಮೂರರಲ್ಲೇ ಹತ್ತಿಸಬಹುದು. ಹೊಗೆ ಸಲೀಸಾಗಿ ಹೊರಗೆ ಹೋದರೆ ಟರ್ಬೊ ಬೇಗ ತಿರುಗುತ್ತದೆ, ಆ ಲಾಭ ನಿಜ. ಆದರೆ ಎಷ್ಟು ಡೀಸೆಲ್ ಬಿಡಬೇಕು ಅಂತ ಹೇಳುವುದು ಇಸಿಯು, ಅಂದರೆ ಇಂಜಿನ್‌ನ ಕಂಪ್ಯೂಟರ್. ಅದರ ಲೆಕ್ಕ ಹಾಗೇ ಇರುವಾಗ ಬರೀ ಗಾಳಿ ಜಾಸ್ತಿ ಕೊಟ್ಟರೆ ಎಚ್‌ಪಿ ಹಾಗೆಲ್ಲ ಏರುವುದಿಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಮೈಲೇಜ್ 11.5 ಇದ್ದದ್ದು 11.8ಕ್ಕೆ ಬಂತು, ಅಷ್ಟೇ.

ಕೋನ್ ಫಿಲ್ಟರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಂಪನಿಯ ಡಬ್ಬಿ ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ. ಈ ಕೋನ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಘಾಟಿಯಲ್ಲಿ ನಿಧಾನಕ್ಕೆ ಹತ್ತುವಾಗ ಅದು ಇನ್ನೂ ಜಾಸ್ತಿ. ಆ ವರ್ಷ ಜುಲೈನಲ್ಲಿ ನಾಪೋಕ್ಲಿನಿಂದ ಭಾಗಮಂಡಲಕ್ಕೆ ಹೋಗುವಾಗ ರಸ್ತೆ ಮೇಲೆ ನೀರು ಹರಿಯುತ್ತಿತ್ತು, ಮೊಣಕಾಲಿಗಿಂತ ಕಡಿಮೆ. ದಾಟಿದ ಮೇಲೆ ಗಾಡಿ ಎಳೆಯಲಿಲ್ಲ. ಬಾನೆಟ್ ಎತ್ತಿದರೆ ಫಿಲ್ಟರ್‌ನ ಮಡಿಕೆ ಮಡಿಕೆಯಲ್ಲೂ ಕೆಸರು ನೀರು, ತುದಿಯಿಂದ ತೊಟ್ಟಿಕ್ಕುತ್ತಿತ್ತು. ನೀರು ಸಿಲಿಂಡರ್ ಒಳಗೆ ಹೋಗಿದ್ದರೆ ಪಿಸ್ಟನ್‌ಗೆ ಅದನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿ ಇಂಜಿನ್ನೇ ಹೋಗುತ್ತದೆ. ಆ ದಿನ ನಿಜಕ್ಕೂ ಹೆದರಿದ್ದೆ.

ಆದರೂ ಬೇಸಿಗೆ ತನಕ ಇಟ್ಟುಕೊಂಡೆ. ಏಪ್ರಿಲ್‌ನಲ್ಲಿ ತೋಟದ ಮಣ್ಣು ರಸ್ತೆಯ ಧೂಳು ಗೊತ್ತಲ್ವಾ? ಒಂದು ದಿನ ಫಿಲ್ಟರ್ ಬಿಚ್ಚಿ, ಅದರ ಆಚೆಗಿನ ಪೈಪ್ ಒಳಗೆ ಬೆರಳು ಆಡಿಸಿದೆ. ಬೆರಳಿಗೆ ಅರಿಶಿನ ಮೆತ್ತಿದ ಹಾಗೆ ನುಣ್ಣನೆ ಕೆಂಪು ಧೂಳು. ಅಂದರೆ ಅಷ್ಟೂ ಫಿಲ್ಟರ್ ದಾಟಿ ಟರ್ಬೊ ಕಡೆಗೆ ಹೋಗುತ್ತಿತ್ತು. ಜೊತೆಗೆ ಫಿಲ್ಟರ್‌ಗೆ ಹಚ್ಚಿದ ಎಣ್ಣೆ ಗಾಳಿ ಅಳೆಯುವ ಸೆನ್ಸರ್‌ಗೆ ಅಂಟಿ, ಚೆಕ್ ಇಂಜಿನ್ ಲೈಟ್ ಬಂದಿತ್ತು. ಮಾರನೇ ದಿನವೇ ಹಳೇ ಡಬ್ಬಿ, ಪೇಪರ್ ಫಿಲ್ಟರ್ ವಾಪಸ್ ಹಾಕಿಸಿದೆ.

ಅದರ ಜೊತೆ 9,000 ಕೊಟ್ಟು ಸ್ನಾರ್ಕಲ್, ಅಂದರೆ ಗಾಳಿ ಎಳೆಯುವ ಎತ್ತರದ ಕೊಳವೆ, ಹಾಕಿಸಿದೆ. ಇದೇ ನಾನು ಮೊದಲು ಮಾಡಿಸಬೇಕಿದ್ದ ಕೆಲಸ. ಛಾವಣಿ ಮಟ್ಟದಿಂದ ಗಾಳಿ ಬರುತ್ತದೆ, ಮುಂದೆ ಹೋಗುವ ಗಾಡಿಯ ಧೂಳು ಅಷ್ಟು ಮೇಲೆ ಕಡಿಮೆ. ಆದರೆ ಜಾಯಿಂಟ್‌ಗಳು ಗಾಳಿ ಬಿಗಿ ಇಲ್ಲದಿದ್ದರೆ ಅದು ಬರೀ ಅಲಂಕಾರ. ಪರೀಕ್ಷೆ ಸುಲಭ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ನಾರ್ಕಲ್ ಬಾಯಿಯನ್ನು ಅಂಗೈಯಿಂದ ಮುಚ್ಚಿ. ಇಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ನನ್ನದು ಮೊದಲ ಸಲ ನಿಲ್ಲಲಿಲ್ಲ. ಡಬ್ಬಿ ಸೇರುವ ಜಾಗದಲ್ಲಿ ಸೀಲ್ ಸರಿ ಕೂತಿರಲಿಲ್ಲ. ಸರಿಮಾಡಿಸಿದ ಮೇಲೆ ನಿಂತಿತು. ಪ್ರತಿ ವರ್ಷ ಮೇ ಕೊನೆಗೆ ಈ ಪರೀಕ್ಷೆ ಮಾಡುತ್ತೇನೆ.

ಇನ್ನು ಸೈಲೆನ್ಸರ್. ಮೊದಲ ವಾರ ಆ ಗಡಸು ಸದ್ದು ಖುಷಿ ಕೊಟ್ಟಿತು. ಆಮೇಲೆ 2,000 ಆರ್‌ಪಿಎಂ ಆಸುಪಾಸಿನಲ್ಲಿ ಕ್ಯಾಬಿನ್ ತುಂಬಾ ಗುಂಯ್ ಅನ್ನತೊಡಗಿತು. ಮೈಸೂರಿಗೆ ಹೋಗುವಷ್ಟರಲ್ಲಿ ಅಮ್ಮನಿಗೆ ತಲೆನೋವು. ಅದಕ್ಕಿಂತ ದೊಡ್ಡ ವಿಷಯ ಆನೆ. ನಮ್ಮ ಕಡೆ ಬೆಳಗಿನ ಜಾವ ತೋಟದ ದಾರಿಯಲ್ಲಿ ಹೋಗುವಾಗ ಗ್ಲಾಸ್ ಇಳಿಸಿ ಕಿವಿ ಕೊಟ್ಟುಕೊಂಡೇ ಹೋಗುತ್ತೇವೆ. ಹಲಸಿನ ಕೊಂಬೆ ಲಟ್ ಅಂದರೆ ಅಲ್ಲೇ ನಿಲ್ಲಿಸುತ್ತೇವೆ. ಈ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ. ಎರಡು ತಿಂಗಳಲ್ಲೇ 6,000 ಕೊಟ್ಟು ಮಧ್ಯೆ ಇನ್ನೊಂದು ಸೈಲೆನ್ಸರ್ ಸೇರಿಸಿದೆ. ಈಗ ಹೆಚ್ಚು ಕಡಿಮೆ ಕಂಪನಿ ಗಾಡಿಯಷ್ಟೇ ಸದ್ದು, ಎಳೆತದಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ ತನಕ ದಂಡ ಇದೆ, ಅದೂ ನೆನಪಿರಲಿ.

ಸ್ಟೇನ್‌ಲೆಸ್ ಪೈಪ್ ಮಾತ್ರ ಪೂರ್ತಿ ಬೆಲೆ ಬಾಳುತ್ತದೆ. ಹಳೇ ಸೈಲೆನ್ಸರ್ ನಮ್ಮ ಮಳೆಗೆ ಐದೇ ವರ್ಷದಲ್ಲಿ ತುಕ್ಕು ತಿಂದು ತೂತಾಗಿತ್ತು. ಇದು ಮೂರು ಮಳೆಗಾಲ ಕಂಡರೂ ವೆಲ್ಡಿಂಗ್ ಜಾಗ ಬಿಟ್ಟು ಬೇರೆಲ್ಲೂ ಕಲೆ ಇಲ್ಲ. ನೇತು ಹಾಕುವ ರಬ್ಬರ್ ಒಂದು ಸಲ ಬದಲಾಯಿಸಿದೆ.

ಕಳೆದ ವರ್ಷ ಎಳೆತ ಪೂರಾ ಬಿದ್ದು ಕಪ್ಪು ಹೊಗೆ ಬಂತು. ಎಲ್ಲರೂ ಟರ್ಬೊ ಹೋಗಿದೆ ಅಂದರು. ಮಡಿಕೇರಿಯ ಒಬ್ಬ ಹಳೇ ಮೆಕ್ಯಾನಿಕ್ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊ ತಳ್ಳುವ ಗಾಳಿ ತಣ್ಣಗೆ ಮಾಡುವ ಭಾಗ) ಹೋಗುವ ಪೈಪ್ ಸವರಿ ನೋಡಿದರು. ಕ್ಲಾಂಪ್ ಸಡಿಲ ಆಗಿ ಎಣ್ಣೆ ಜಿನುಗಿತ್ತು. 250 ರೂಪಾಯಿಯ ಕ್ಲಾಂಪ್ ಹಾಕಿದ ಮೇಲೆ ಸಿಕ್ಕ ಎಳೆತ ನೋಡಿದರೆ, ಅದು ಎಷ್ಟು ದಿನದಿಂದ ಸೋರುತ್ತಿತ್ತೋ ಅನ್ನಿಸಿತು. ಹಾಗಾಗಿ ಎಳೆತ ಕಡಿಮೆ ಅನ್ನಿಸಿದರೆ ಮೊದಲು ಆ ಪೈಪ್‌ಗಳನ್ನು ನೋಡಿಸಿ.

ಅಣ್ಣನ ಮಗ ಹೋದ ತಿಂಗಳು ಬಿಎಸ್6 ವಿ-ಕ್ರಾಸ್ ತಂದು, ಸೈಲೆನ್ಸರ್ ಬದಲಾಯಿಸಲಾ ಅಂತ ಕೇಳಿದ. ಅದರಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಅನ್ನುವ ಫಿಲ್ಟರ್ ಇದೆ, ಅದನ್ನು ಕತ್ತರಿಸಲು ಹೇಳುವವರ ಹತ್ತಿರ ಹೋಗಲೇಬೇಡ, ವಾರಂಟಿಯೂ ಹೋಗುತ್ತದೆ, ಹೊಗೆಯೂ ಕೆಡುತ್ತದೆ ಅಂದೆ. ಸದ್ಯಕ್ಕೆ ಸ್ನಾರ್ಕಲ್ ಮಾತ್ರ ಆರ್ಡರ್ ಮಾಡಿದ್ದಾನೆ.