‘ಪೈ 4, ಹತ್ತು ಸಾವಿರ ಗೇಮ್, ಫುಲ್ ಟ್ಯೂನಿಂಗ್’ ಅನ್ನುವವರಿಗೆ ದುಡ್ಡು ಕಳಿಸುವ ಮೊದಲು ಇದನ್ನು ಓದಿ

ಹಳೇ ವಿಡಿಯೋ ಗೇಮ್‌ಗಳನ್ನೆಲ್ಲ ಒಂದು ಚಿಕ್ಕ ಬಾಕ್ಸಿಗೆ ಹಾಕಿ, ಟಿವಿಗೆ ಸಿಕ್ಕಿಸಿದರೆ ಸಾಕು ಅನ್ನುವ ಹಾಗೆ ರೆಡಿ ಮಾಡಿ ಕೊಡುತ್ತೇವೆ ಅಂತ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಬರುತ್ತಿದೆಯಲ್ಲ, ದಯವಿಟ್ಟು ಹುಷಾರಾಗಿರಿ. ನನ್ನ 8,500 ರೂಪಾಯಿ ಹೋಗಿದೆ. ದುಡ್ಡು ಹೋದದ್ದು ಒಂದು ಕಡೆ. ಕೇಳಿದಾಗೆಲ್ಲ ಒಂದೊಂದು ಹೊಸ ಸುಳ್ಳು ಹೇಳಿದರಲ್ಲ, ಅದು ಇನ್ನೂ ಉರಿಯುತ್ತಿದೆ.

ಪೇಜಿನ ಹೆಸರು ಹಾಕಿ ಉಪಯೋಗವಿಲ್ಲ. ಅದು ಆಗಲೇ ಬದಲಾಗಿದೆ. ಫೋಟೋ ಅದೇ, ನೀಲಿ ಕೇಸ್ ಅದೇ, ಹೆಸರು ಮಾತ್ರ ಬೇರೆ. ಹಾಗಾಗಿ ಹೆಸರು ಬಿಟ್ಟು ಬಾಕ್ಸನ್ನೇ ನೋಡಿ ಗುರುತು ಹಿಡಿಯುವುದು ಕಲಿಯಬೇಕು.

ನಾನು ಕಣ್ಣು ಮುಚ್ಚಿ ತಗೊಂಡವಳಲ್ಲ. ವಾಟ್ಸಾಪ್‌ನಲ್ಲಿ ಕೇಳಿ, ಕೇಳಿ, ಬರೆಸಿಕೊಂಡೇ ತಗೊಂಡದ್ದು. ಇಂಥ ಬಾಕ್ಸಿನ ಒಳಗಿರುವುದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್. ಅದರ 3ಕ್ಕೂ 4ಕ್ಕೂ ವ್ಯತ್ಯಾಸ ದೊಡ್ಡದು ಅಂತ ನನ್ನ ತಮ್ಮ ಮೊದಲೇ ಹೇಳಿದ್ದ. 3 ಬಂದದ್ದು 2016ರಲ್ಲಿ, 4 ಬಂದದ್ದು 2019ರಲ್ಲಿ. ಕ್ಯಾಸೆಟ್ ಕಾಲದ ಗೇಮ್‌ಗಳಿಗೆ, ಮೊದಲನೇ ಪ್ಲೇಸ್ಟೇಷನ್‌ಗೆ 3 ಸಾಕು. ನಿಂಟೆಂಡೋ 64, ಪಿಎಸ್‌ಪಿ, ಡ್ರೀಮ್‌ಕಾಸ್ಟ್ ಅಂತ ಇನ್ನೂ ಭಾರದ ಗೇಮ್ ಯಂತ್ರಗಳ ಗೇಮ್‌ಗಳಿಗೆ ಹೋದರೆ ಅದು ಏದುಸಿರು ಬಿಡುತ್ತದೆ. ನಮ್ಮನೆಗೆ ಅವೆಲ್ಲ ಬೇಕಿತ್ತು. ಅದಕ್ಕೇ ನೇರವಾಗಿ ಕೇಳಿದೆ: “ಪೈ 4 ತಾನೇ? 3 ಅಲ್ಲ ತಾನೇ?”

ಉತ್ತರ ಈಗಲೂ ನನ್ನ ಫೋನಿನಲ್ಲಿದೆ. “100% ಪೈ 4 ಮೇಡಂ, 4 ಜಿಬಿ ರ್‍ಯಾಮ್. 3 ಎಲ್ಲ ನಾವು ಮುಟ್ಟೋದೇ ಇಲ್ಲ. 128 ಜಿಬಿ ಒರಿಜಿನಲ್ ಕಾರ್ಡ್. ಪ್ರತಿ ಗೇಮೂ ಟೆಸ್ಟ್ ಮಾಡಿ, ಟ್ಯೂನ್ ಮಾಡಿ ಕಳಿಸ್ತೀವಿ.”

ಪ್ರತಿ ಗೇಮೂ ಟೆಸ್ಟ್ ಮಾಡಿ. ಹತ್ತು ಸಾವಿರ ಗೇಮ್.

ಅರ್ಧ ದುಡ್ಡು ಮೊದಲು, ಇನ್ನರ್ಧ ಕೊರಿಯರ್‌ಗೆ ಹಾಕುವ ಮುಂಚೆ, ಎರಡೂ ಯುಪಿಐನಲ್ಲಿ. ಬಿಲ್ ಕೇಳಿದರೆ “ಬಾಕ್ಸ್ ಒಳಗೇ ಇರುತ್ತೆ ಮೇಡಂ”. ಬಾಕ್ಸ್ ಒಳಗೆ ಬಿಲ್ ಇರಲಿಲ್ಲ. ಎರಡು ಜಾಯ್‌ಸ್ಟಿಕ್, ಒಂದು ಎಚ್‌ಡಿಎಂಐ ಕೇಬಲ್, ಹೆಸರಿಲ್ಲದ ಒಂದು ಚಾರ್ಜರ್, ಆ ನೀಲಿ ಕೇಸ್. ಕೇಸಿನ ಜಾಯಿಂಟ್ ಮೇಲೆ ಒಂದು ಸ್ಟಿಕರ್: ‘ಸೀಲ್ ಹರಿದರೆ ವಾರಂಟಿ ಇಲ್ಲ’. ಈ ಸ್ಟಿಕರ್ ನೆನಪಿಟ್ಟುಕೊಳ್ಳಿ, ಮುಂದೆ ಹೇಳುತ್ತೇನೆ.

ದೀಪಾವಳಿಗೆ ತಮ್ಮ ಹೊಸಪೇಟೆಯಿಂದ ಹೆಂಡತಿ, ಮಕ್ಕಳ ಜೊತೆ ಬಂದಿದ್ದ. ಅವನಿಗೋಸ್ಕರವೇ ತರಿಸಿದ್ದು. ಕಾಲೇಜಿನಲ್ಲಿದ್ದಾಗ ಗೇಮ್ ಪಾರ್ಲರ್‌ನಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಟೆಕ್ಕೆನ್ 3 ಅನ್ನುವ ಪ್ಲೇಸ್ಟೇಷನ್ ಫೈಟಿಂಗ್ ಗೇಮ್ ಆಡುತ್ತಿದ್ದವನು. ಎಲ್ಲರೂ ಟಿವಿ ಮುಂದೆ ಕೂತೆವು. ಆನ್ ಮಾಡಿದರೆ ದೊಡ್ಡದಾಗಿ ಅವರ ಲೋಗೋ, ಕೆಳಗೆ ಅವರ ಫೋನ್ ನಂಬರ್. ಆಮೇಲೆ ಗೇಮ್‌ಗಳ ಪಟ್ಟಿ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಟೆಕ್ಕೆನ್ ಹಾಕಿದೆವು. ಬಟನ್ ಒತ್ತಿದ ಮೇಲೆ ಒಂದು ಗಳಿಗೆ ಬಿಟ್ಟು ಪಂಚ್ ಬೀಳುತ್ತಿದೆ. ಸೌಂಡ್ ಕರಕರ ಅನ್ನುತ್ತಿದೆ. ಇಬ್ಬರೂ ಒಟ್ಟಿಗೆ ಮೇಲೆ ಬಿದ್ದರೆ ಚಿತ್ರವೇ ತಡವರಿಸುತ್ತದೆ. ಪರದೆಯ ಮೇಲೆ ಬಲಗಡೆ ಮೂಲೆಯಲ್ಲಿ ಹಳದಿ ಬಣ್ಣದ ಮಿಂಚಿನ ಗುರುತು ಬಂದು ಬಂದು ಹೋಗುತ್ತಿದೆ. ಚಿಕ್ಕವನು ಕೇಳಿಯೇ ಬಿಟ್ಟ, “ಅತ್ತೆ, ಇದು ಯಾಕೆ ನಿಂತು ನಿಂತು ಓಡ್ತಿದೆ?”

ನಾನು ಅಲ್ಲಿಂದಲೇ ಮೆಸೇಜ್ ಹಾಕಿದೆ. ಮಿಂಚಿನ ಗುರುತಿನ ಫೋಟೋ ಕಳಿಸಿ, ಇದೇನು ಅಂತ ಕೇಳಿದೆ. ಬಂದ ಉತ್ತರ: “ಅದು ಟರ್ಬೋ ಮೋಡ್ ಮೇಡಂ. ಫುಲ್ ಸ್ಪೀಡ್‌ನಲ್ಲಿ ಓಡ್ತಿದೆ ಅಂತ ಅರ್ಥ.”

ಟರ್ಬೋ ಮೋಡ್! ಅದು ಕರೆಂಟ್ ಸಾಲುತ್ತಿಲ್ಲ ಅನ್ನುವ ಎಚ್ಚರಿಕೆ. ಬೋರ್ಡಿಗೆ ಬರುವ ವೋಲ್ಟೇಜ್ 4.63 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಆ ಗುರುತು ಬರುತ್ತದೆ, ಬೋರ್ಡ್ ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ನಿಧಾನ ಆಗಿದೆ ಅನ್ನುವ ಗುರುತನ್ನು ತೋರಿಸಿ ಫುಲ್ ಸ್ಪೀಡ್ ಅಂತ ಹೇಳುತ್ತಾರೆ. ಪೈ 4 ಆಗಿದ್ದರೆ 5 ವೋಲ್ಟ್ 3 ಆಂಪ್ ಚಾರ್ಜರ್ ಕೊಡಬೇಕು, ಪೈ 3ಕ್ಕೇ 2.5 ಆಂಪ್ ಬೇಕು. ಇವರು ಕೊಟ್ಟ ಹೆಸರಿಲ್ಲದ ಚಾರ್ಜರ್ ಮೇಲೆ 1 ಆಂಪ್ ಅಂತ ಸಣ್ಣ ಅಕ್ಷರದಲ್ಲಿತ್ತು.

ತಮ್ಮ ಸುಮ್ನೆ ಎದ್ದು ಹೋಗಿ ಬಾಕ್ಸ್ ಕೈಗೆ ತಗೊಂಡು ತಿರುಗಿಸಿ ನೋಡಿದ. “ಅಕ್ಕ, ಇದು ಪೈ 4 ಅಲ್ಲ ಕಣೇ” ಅಂದ. ಎಲ್ಲರೂ ನನ್ನ ಮುಖ ನೋಡಿದರು. ಅವನ ಹೆಂಡತಿ “ಎಷ್ಟು ಕೊಟ್ರಿ ಅಕ್ಕ?” ಅಂತ ಮೆಲ್ಲಗೆ ಕೇಳಿದಳು. ಹಬ್ಬದ ದಿನ, ಮನೆ ತುಂಬ ಜನ. ಆ ಪ್ರಶ್ನೆಗೆ ಉತ್ತರ ಹೇಳುವಾಗ ನಾಚಿಕೆಯಿಂದ ಕುಗ್ಗಿ ಹೋದೆ.

ಅವನು ತೋರಿಸಿದ್ದು ಇಷ್ಟು. ಪೈ 4ರಲ್ಲಿ ಟಿವಿಗೆ ಹಾಕಲು ಎರಡು ಚಿಕ್ಕ ಮೈಕ್ರೋ ಎಚ್‌ಡಿಎಂಐ ಕಿಂಡಿ ಇರುತ್ತವೆ. ಕರೆಂಟಿಗೆ ಟೈಪ್ ಸಿ. ಯುಎಸ್‌ಬಿ ನಾಲ್ಕರಲ್ಲಿ ಎರಡು ನೀಲಿ. ನಮ್ಮ ಬಾಕ್ಸಿನಲ್ಲಿ ಒಂದೇ ಒಂದು ದೊಡ್ಡ ಎಚ್‌ಡಿಎಂಐ. ಕರೆಂಟಿಗೆ ಹಳೇ ಫೋನಿನ ಮೈಕ್ರೋ ಯುಎಸ್‌ಬಿ. ಯುಎಸ್‌ಬಿ ನಾಲ್ಕೂ ಕಪ್ಪು.

ಇದನ್ನು ಬರೆದು ಕೇಳಿದೆ. ಅವರ ಉತ್ತರ ನೋಡಿ: “ಕಸ್ಟಮರ್‌ಗೆ ಅನುಕೂಲ ಆಗಲಿ ಅಂತ ಒಳಗೇ ಕನ್ವರ್ಟರ್ ಹಾಕಿದ್ದೀವಿ ಮೇಡಂ. ಹೊರಗೆ ದೊಡ್ಡ ಎಚ್‌ಡಿಎಂಐ ಕಾಣುತ್ತೆ, ಒಳಗೆ ಪೈ 4.”

ಹಾಗಾದರೆ ಬಿಚ್ಚಿ ನೋಡುತ್ತೇನೆ ಅಂದೆ. “ಸೀಲ್ ಹರಿದ್ರೆ ವಾರಂಟಿ ಹೋಗುತ್ತೆ ಮೇಡಂ, ನಿಮ್ಮಿಷ್ಟ.” ಆ ಸ್ಟಿಕರ್ ಯಾಕೆ ಅಂಟಿಸಿದ್ದಾರೆ ಅಂತ ಆಗ ಗೊತ್ತಾಯಿತು. ನಾವು ಬಿಚ್ಚಬಾರದು, ನೋಡಬಾರದು ಅಂತ. ಫೋನ್ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಮೋಸ ಹೋಗಿದ್ದೇನೆ ಅಂತ ಗೊತ್ತಾದ ಕ್ಷಣ ಅದೇ.

ಬಿಚ್ಚದೆಯೂ ನೋಡಬಹುದು ಅಂದ ತಮ್ಮ. ಕಂಪ್ಯೂಟರಿನ ಕೀಬೋರ್ಡ್ ತಂದು ಸಿಕ್ಕಿಸಿ ಎಫ್4 ಒತ್ತಿದ. ಅವರ ಲೋಗೋ ಎಲ್ಲ ಹೋಗಿ ಕಪ್ಪು ಪರದೆ ಬಂತು. ಸಿಪಿಯು ಮಾಹಿತಿಯ ಫೈಲ್ ತೆರೆದರೆ ಕೊನೆಯ ಸಾಲಿನಲ್ಲೇ ಬರೆದಿತ್ತು: ರಾಸ್ಪ್‌ಬೆರಿ ಪೈ 3 ಮಾಡೆಲ್ ಬಿ. ರ್‍ಯಾಮ್ 4 ಜಿಬಿ ಅಲ್ಲ, 1 ಜಿಬಿ.

ಇನ್ನೊಂದೂ ಗೊತ್ತಾಯಿತು. ಅವರು ‘ನಮ್ಮದೇ ಸಾಫ್ಟ್‌ವೇರ್’ ಅಂದದ್ದು ರೆಟ್ರೋಪೈ, ಪೈ ಬೋರ್ಡಿನಲ್ಲಿ ಹಳೇ ಗೇಮ್ ಓಡಿಸುವ ಸಾಫ್ಟ್‌ವೇರ್. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಅದನ್ನು ಮಾಡಿದವರೇ ಇದನ್ನು ಮಾರಬೇಡಿ ಅಂತ ಹೇಳಿದ್ದಾರೆ. ಇವರು ಮಾಡಿದ ‘ಟ್ಯೂನಿಂಗ್’ ಅಂದರೆ ಶುರುವಿನ ಚಿತ್ರ ತೆಗೆದು ತಮ್ಮ ಲೋಗೋ ಹಾಕಿದ್ದು. ಬೇರೆ ಏನನ್ನೂ ಮುಟ್ಟಿಲ್ಲ.

ಆ ಪರದೆಯ ಫೋಟೋ ಕಳಿಸಿದೆ. “ಸಾಫ್ಟ್‌ವೇರ್ ಹಳೇ ವರ್ಷನ್ ಮೇಡಂ, ಅದಕ್ಕೇ 3 ಅಂತ ತಪ್ಪಾಗಿ ತೋರಿಸುತ್ತೆ.” ನಾನು ಒಪ್ಪಲಿಲ್ಲ. ಆಗ ಬಂದ ಮೆಸೇಜ್ ನೋಡಿ ನನಗೆ ಮೈಯೆಲ್ಲ ಉರಿದು ಹೋಯಿತು: “ಮನೇಲಿ ಸರ್ ಇದ್ರೆ ಫೋನ್ ಕೊಡಿ ಮೇಡಂ. ಟೆಕ್ನಿಕಲ್ ವಿಷಯ, ಅವರಿಗಾದ್ರೆ ಅರ್ಥ ಆಗುತ್ತೆ.”

ದುಡ್ಡು ತಗೊಳ್ಳುವಾಗ ಸರ್ ಬೇಕಾಗಿರಲಿಲ್ಲ. ಆಗ ನನ್ನ ಜೊತೆ ಮಾತಾಡಲು ಏನೂ ತೊಂದರೆ ಇರಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಸರ್ ಬೇಕು.

ಸೀಲ್ ಹರಿದೆ. ಬಿಚ್ಚಿದೆ. ಕನ್ವರ್ಟರೂ ಇಲ್ಲ, ಏನೂ ಇಲ್ಲ. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಪೈ 3 ಅಂತ ಅಚ್ಚಾಗಿದೆ. ಚಿಪ್ ಮೇಲೆ ಬಿಸಿ ಹೊರಹಾಕುವ ಲೋಹದ ತುಂಡು, ಹೀಟ್‌ಸಿಂಕ್, ಅದೂ ಇಲ್ಲ, ಕೇಸಿಗೆ ಗಾಳಿ ಆಡುವ ತೂತೂ ಇಲ್ಲ. 80 ಡಿಗ್ರಿ ದಾಟಿದರೆ ಅದು ಮತ್ತೆ ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟೂ ಸಾಲದು, ಬಿಸಿಯೂ ಜಾಸ್ತಿ. ಟೆಕ್ಕೆನ್ ಪೈ 3ರಲ್ಲಿ ಆರಾಮಾಗಿ ಓಡಬೇಕಾದ ಗೇಮ್. ಅದನ್ನೂ ಓಡಲು ಬಿಟ್ಟಿರಲಿಲ್ಲ.

ವಿಡಿಯೋ ಮಾಡಿ ಕಳಿಸಿದೆ. ಉತ್ತರ: “ಸೀಲ್ ಯಾಕೆ ತೆಗೆದ್ರಿ? ಈಗ ನೀವೇ ಬೋರ್ಡ್ ಚೇಂಜ್ ಮಾಡಿ ನಮ್ಮ ಮೇಲೆ ಹೇಳ್ತಿದ್ದೀರ.”

ಬಿಚ್ಚದಿದ್ದರೆ ಒಳಗೆ ಪೈ 4 ಇದೆ. ಬಿಚ್ಚಿದರೆ ನಾನೇ ಬೋರ್ಡ್ ಕದ್ದೆ. ಯಾವ ಕಡೆ ಹೋದರೂ ತಪ್ಪು ನನ್ನದೇ ಆಗಬೇಕು. ಹಾಗೇ ಕಟ್ಟಿಟ್ಟಿದ್ದಾರೆ ಇದನ್ನು.

ಗೇಮ್ ತುಂಬಿಸಿದ ಮೆಮೊರಿ ಕಾರ್ಡಿನ ಕಥೆ ಇನ್ನೂ ಇದೆ. ಪಟ್ಟಿಯಲ್ಲಿ ಹೆಸರಿರುವ ಎಷ್ಟೋ ಗೇಮ್ ಒತ್ತಿದರೆ ಕಪ್ಪು ಪರದೆ ಬಂದು ಮತ್ತೆ ಮೆನುಗೇ ವಾಪಸ್. ಕೇಳಿದರೆ “ಬಯೋಸ್ ಫೈಲ್ ನೀವೇ ಹಾಕ್ಕೋಬೇಕು ಮೇಡಂ”. ಬಯೋಸ್ ಅಂದರೆ ಆ ಗೇಮ್ ಯಂತ್ರ ಶುರುವಾಗಲು ಬೇಕಾದ ಮೂಲ ಸಾಫ್ಟ್‌ವೇರ್. ಪ್ಲೇಸ್ಟೇಷನ್‌ಗೆ ಬಯೋಸ್ ಅಂದರೆ ಒಂದು ಮಾತು. ಸೂಪರ್ ನಿಂಟೆಂಡೋದ ಮಾಮೂಲಿ ಗೇಮ್‌ಗೆ ಬಯೋಸೇ ಬೇಕಿಲ್ಲ, ಅವೂ ತೆರೆಯುತ್ತಿರಲಿಲ್ಲ. ಕಾರ್ಡ್ ಲ್ಯಾಪ್‌ಟಾಪಿಗೆ ಹಾಕಿ, ಫಾರ್ಮ್ಯಾಟ್ ಮಾಡಿ, ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಬಿಟ್ಟಿ ಪ್ರೋಗ್ರಾಂ ಓಡಿಸಿದೆವು. ಅದು ಕಾರ್ಡ್ ತುಂಬ ಬರೆದು, ಬರೆದದ್ದನ್ನು ಓದಿ ನೋಡುತ್ತದೆ. ಮೇಲೆ 128 ಅಂತ ಅಚ್ಚು ಹಾಕಿದ ಕಾರ್ಡಿನಲ್ಲಿ ನಿಜವಾಗಿ ಇದ್ದದ್ದು 29 ಜಿಬಿ. ಅದರಾಚೆ ಬರೆದದ್ದೆಲ್ಲ ಮಾಯ.

ಆ ಹತ್ತು ಸಾವಿರದ ಲೆಕ್ಕವೂ ಅಷ್ಟೇ. ಒಂದೇ ಗೇಮಿನ ಜಪಾನ್ ಆವೃತ್ತಿ, ಯುರೋಪ್ ಆವೃತ್ತಿ, ಅಮೆರಿಕ ಆವೃತ್ತಿ, ಯಾರೋ ಬಣ್ಣ ಬದಲಾಯಿಸಿದ ಆವೃತ್ತಿ. ನಮ್ಮ ಕಾಲದ ‘9999 ಇನ್ 1’ ಕ್ಯಾಸೆಟ್‌ನಲ್ಲಿ ಅದೇ ಮಾರಿಯೋ, ಅದೇ ಕಾಂಟ್ರಾ ಬೇರೆ ಬೇರೆ ಹೆಸರಲ್ಲಿ ತಿರುಗಿ ಬರುತ್ತಿತ್ತಲ್ವಾ, ಥೇಟ್ ಹಾಗೆ.

ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ದೂರು ಕೊಡುತ್ತೇನೆ ಅಂದೆ. ಮೊದಲು ಒಂದು ಆಫರ್ ಬಂತು: ಇನ್ನೂ 1,200 ಕಳಿಸಿದರೆ ‘ಅಡ್ವಾನ್ಸ್ಡ್ ಟ್ಯೂನಿಂಗ್’ ಮಾಡಿಕೊಡುತ್ತಾರಂತೆ. ಬೇಡ ಅಂದೆ. ಆಮೇಲೆ ಬಂದದ್ದು ಇದು: “ಕಂಪ್ಲೇಂಟ್ ಕೊಡಿ ಮೇಡಂ. ಪೈರೇಟೆಡ್ ಗೇಮ್ ಮನೇಲಿ ಇಟ್ಕೊಂಡಿರೋರು ನೀವು. ನಿಮ್ಮ ಹೆಸರೇ ಮೊದಲು ಬರುತ್ತೆ.”

ಕದ್ದ ಗೇಮ್‌ಗಳನ್ನು ತುಂಬಿಸಿ ಮಾರಿದವರು ಅವರು. ‘ಎಲ್ಲ ಲೀಗಲ್, ಹಳೇ ಗೇಮ್‌ಗೆ ಕಾಪಿರೈಟ್ ಇರಲ್ಲ’ ಅಂತ ಬರೆದು ಕಳಿಸಿದವರೂ ಅವರೇ. ಹಳೇ ಗೇಮ್‌ಗಳಿಗೂ ಕಾಪಿರೈಟ್ ಇದೆ, ಗೊತ್ತಿರಲಿ. ಈಗ ಅದನ್ನೇ ಹಿಡಿದು ನನ್ನನ್ನು ಹೆದರಿಸುತ್ತಾರೆ. ಎಷ್ಟು ಜನ ಈ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೋ. ಸುಮಾರು ಜನ ಇರಬೇಕು, ಇಲ್ಲದಿದ್ದರೆ ಇಷ್ಟು ಧೈರ್ಯ ಬರುವುದಿಲ್ಲ.

ನಾನು ದೂರು ಕೊಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೂ, ಸೈಬರ್ ವಂಚನೆಯ 1930ಕ್ಕೂ ಫೋನ್ ಮಾಡಿದೆ. ಎಲ್ಲ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ. ಬ್ಯಾಂಕಿನವರು ಮಾತ್ರ, ನೀವೇ ಪಿನ್ ಹಾಕಿ ಕಳಿಸಿದ್ದು, ನಮ್ಮ ಕಡೆಯಿಂದ ಏನೂ ಆಗಲ್ಲ ಅಂದುಬಿಟ್ಟರು. ನಿಮಗೂ ಹೀಗಾದರೆ 1930ಕ್ಕೆ ತಕ್ಷಣ ಮಾಡಿ. ನಾನು ಆ ‘ಟರ್ಬೋ ಮೋಡ್’ ಮಾತು ಕೇಳುತ್ತಾ ಕೂತ ಹೊತ್ತಿನಲ್ಲಿ ದುಡ್ಡು ಎಲ್ಲಿಗೋ ಹೋಗಿಯಾಗಿತ್ತು.

ಇಂಥ ಬಾಕ್ಸ್ ಬೇಕೇ ಬೇಕು ಅಂದರೆ ಬೋರ್ಡನ್ನು ಬಿಲ್ ಕೊಡುವ ಅಂಗಡಿಯಿಂದ ತಗೊಳ್ಳಿ, ಕಾರ್ಡ್ ಬೇರೆ ತಗೊಳ್ಳಿ, ಚಾರ್ಜರ್ ಕಂಪನಿಯದ್ದೇ ತಗೊಳ್ಳಿ. ರೆಟ್ರೋಪೈ, ಅದರಂಥದ್ದೇ ಆದ ರೀಕಾಲ್‌ಬಾಕ್ಸ್, ಬಾಟೊಸೆರಾ ಎಲ್ಲ ಬಿಟ್ಟಿ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಬೋರ್ಡೂ ಬೇಡ, ಬಾಟೊಸೆರಾವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಶುರು ಮಾಡಬಹುದು, ಒಳಗಿನ ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಬಟನ್ ತಡವಾದರೆ ಮೊದಲು ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ, ಆಮೇಲೆ ಇವುಗಳೊಳಗೆ ಗೇಮ್ ಓಡಿಸುವ ರೆಟ್ರೋಆರ್ಕ್ ಪ್ರೋಗ್ರಾಂನಲ್ಲಿ, ತಡ ಕಡಿಮೆ ಮಾಡುವ ‘ರನ್ ಅಹೆಡ್’ ಸೆಟ್ಟಿಂಗ್ ನೋಡಿ. ‘ಟ್ಯೂನಿಂಗ್’ ಹೆಸರಲ್ಲಿ ಇವಕ್ಕೇ ಸಾವಿರಗಟ್ಟಲೆ ಕೇಳುತ್ತಾರೆ. ನನ್ನ ತಮ್ಮ ಹೊಸ ಚಾರ್ಜರ್, ಹೊಸ ಕಾರ್ಡ್, ಒಂದು ಹೀಟ್‌ಸಿಂಕ್ ಹಾಕಿ ಅದೇ ಪೈ 3ರಲ್ಲಿ ಟೆಕ್ಕೆನ್ ಒಂದು ಸಲವೂ ನಿಲ್ಲದ ಹಾಗೆ ಓಡಿಸಿದ.

ಅವರು ಈಗ ಹೊಸ ಹೆಸರಿನಲ್ಲಿ ‘ಹಬ್ಬದ ಆಫರ್’ ಹಾಕಿದ್ದಾರೆ. ಫೋಟೋಗಳಲ್ಲಿ ಬಾಕ್ಸಿನ ಮುಂಭಾಗ ಮಾತ್ರ ಇದೆ. ಕೇಬಲ್ ಸಿಕ್ಕಿಸುವ ಕಡೆಯ ಫೋಟೋ ಕಳಿಸಿ ಅಂತ ಕೇಳಿ. ದೊಡ್ಡ ಎಚ್‌ಡಿಎಂಐ ಒಂದೇ ಕಂಡರೆ, ಅಥವಾ ಫೋಟೋ ಕಳಿಸದೆ ಮಾತು ಮರೆಸಿದರೆ, ಆ ನಂಬರ್ ಬ್ಲಾಕ್ ಮಾಡಿ.